‘ಇವತ್ತ ಬ್ಯಾಡ ತಂಗಿ’ ಅನ್ನುವವರೇ ನಂಬಿಗಸ್ತರು

ತುಳಸಿ ಲಗ್ನ ಮುಗಿದರೆ ಸಾಕು, ನಮ್ಮ ರಾಯಬಾಗ, ಚಿಕ್ಕೋಡಿ, ಅಥಣಿ ಕಡೆ ಮದುವೆಗಳ ಸುಗ್ಗಿ. ಒಂದು ಕಡೆ ಫ್ಯಾಕ್ಟರಿಗೆ ಕಬ್ಬು ಸಾಗುತ್ತಿರುತ್ತದೆ, ಇನ್ನೊಂದು ಕಡೆ ಮನೆಯಲ್ಲಿ ಜವಳಿ ತರುವ ಮಾತು. ಸೀರೆ, ಬಂಗಾರ, ಮಂಗಲ ಕಾರ್ಯಾಲಯ, ಅಡುಗೆಯವರು, ಫೋಟೋದವರು ಎಂದು ಉದ್ದವಾಗುವ ಪಟ್ಟಿಗೆ ಈಗ ಇನ್ನೊಂದು ಸಾಲು ಸೇರಿದೆ: ಐಲ್ಯಾಶ್ ಎಕ್ಸ್‌ಟೆನ್ಷನ್. ಅಂದರೆ ನಮ್ಮ ರೆಪ್ಪೆಗೂದಲಿಗೆ ಕೃತಕ ಕೂದಲನ್ನು ಒಂದೊಂದಾಗಿ ಅಂಟಿಸಿ ಕಣ್ಣು ದೊಡ್ಡದಾಗಿ, ತುಂಬಿದಂತೆ ಕಾಣಿಸುವ ಕೆಲಸ. ಹಿಂದೆ ಇದು ಬೆಂಗಳೂರು, ಪುಣೆಯ ಮಾತಾಗಿತ್ತು. ಈಗ ತಾಲ್ಲೂಕು ಊರುಗಳ ಪಾರ್ಲರ್ ಬೋರ್ಡಿನ ಮೇಲೂ ಬಂದಿದೆ. ಮದುಮಗಳಷ್ಟೇ ಅಲ್ಲ, ಫೇರ್‌ವೆಲ್ ಎಂದು ಕಾಲೇಜು ಹುಡುಗಿಯರು, ಕ್ಯಾಂಪಸ್ ಸಂದರ್ಶನ ಎಂದು ಕೆಲಸ ಹುಡುಕುವವರೂ ಮಾಡಿಸಿಕೊಳ್ಳುತ್ತಿದ್ದಾರೆ.

ಮಾಡಿಸಿಕೊಳ್ಳುವ ಮೊದಲು ನಾವು ಕೇಳುವುದು ಎರಡೇ ಪ್ರಶ್ನೆ. ‘ಎಷ್ಟು ತಗೋತೀರಿ?’, ‘ಮಾಡಿದ್ದು ಫೋಟೋ ತೋರಸ್ರಿ’. ಈ ಎರಡು ಪ್ರಶ್ನೆಗಳಿಂದ ಆ ಕೈ ನಂಬಬಹುದಾದ ಕೈ ಹೌದೋ ಅಲ್ಲವೋ ಎಂದು ತಿಳಿಯುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕೇಳಬೇಕಾದ್ದು ಬೇರೆಯೇ ಇದೆ: ಈಕೆ ಗಿರಾಕಿಗೆ ಯಾವಾಗ ‘ಬೇಡ’ ಎನ್ನುತ್ತಾಳೆ? ಯಾವತ್ತೂ, ಯಾರಿಗೂ ಬೇಡ ಎನ್ನದವಳ ಕೈಗೆ ಕಣ್ಣು ಕೊಡಬಾರದು.

ನಾನು ಕೃಷ್ಣಾ ದಂಡೆಯ ದಿಗ್ಗೇವಾಡಿಯವಳು. ಬೆಳಗಾವಿಯಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಮೆಕ್ಯಾನಿಕಲ್ ಬಿಇ ಓದುತ್ತಿದ್ದೇನೆ. ‘ಮಷೀನ್ ಓದೋ ಹುಡುಗಿಗೆ ಕಣ್ಣರೆಪ್ಪಿ ಸುದ್ದಿ ಯಾಕ?’ ಎಂದು ಮನೆಯಲ್ಲಿ ನಕ್ಕರು. ಆದರೆ ಅಕ್ಕನ ಮದುವೆ ಗೊತ್ತಾದಾಗ ಲ್ಯಾಶ್ ಹಾಕುವವರನ್ನು ಹುಡುಕುವ ಕೆಲಸ ನನ್ನ ಪಾಲಿಗೇ ಬಂತು. ಹುಡುಕುತ್ತ ಹೋದಂತೆ, ಇದು ಅಂಟು, ಗಾಳಿ, ತೇವಾಂಶ, ಭಾರ ಎಲ್ಲ ಸೇರಿದ ಕೆಲಸ, ನನ್ನ ಓದಿಗೆ ದೂರದ್ದೇನಲ್ಲ ಎನಿಸಿತು.

ಅಂಟು ಯಾವುದು, ಕೆಲಸ ಹೇಗೆ?

ಈ ಕೆಲಸಕ್ಕೆ ಬಳಸುವ ಅಂಟು ಸೈನೋಅಕ್ರಿಲೇಟ್ ಎಂಬ ಕುಟುಂಬಕ್ಕೆ ಸೇರಿದ್ದು. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಮತ್ತು ಅವರ ಸಂಗಡಿಗರು ಬಂದೂಕಿನ ಗುರಿಪಟ್ಟಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಇದು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಆಗ ಬದಿಗಿಟ್ಟಿದ್ದರು. ಅಂಟಾಗಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ನಾವು ಮುರಿದ ಆಟಿಕೆಗೆ ಹಚ್ಚುವ ಫೆವಿಕ್ವಿಕ್ ಕೂಡ ಇದೇ ಕುಟುಂಬದ್ದು. ಹಾಗೆಂದು ಎರಡೂ ಒಂದೇ ಅಲ್ಲ. ಲ್ಯಾಶ್ ಅಂಟನ್ನು ಆ ಕೆಲಸಕ್ಕೆಂದೇ ತಯಾರಿಸುತ್ತಾರೆ. ಆದರೆ ಸ್ವಭಾವ ಒಂದೇ: ಇದು ಬಟ್ಟೆ ಒಣಗಿದಂತೆ ನೀರು ಆರಿ ಒಣಗುವುದಿಲ್ಲ, ಗಾಳಿಯಲ್ಲಿರುವ ತೇವವನ್ನು ತಾಗಿ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಕಣ್ಣು ಉರಿಸುವ ಆವಿ ಬಿಡುತ್ತದೆ.

ಇದರಿಂದ ಒಂದು ಸಂಗತಿ ಸ್ಪಷ್ಟ. ಆಷಾಢದ ಮಳೆಯಲ್ಲಿ ನಮ್ಮ ನದಿ ದಂಡೆಯ ಊರಲ್ಲಿ ಬೇಗ ಹಿಡಿಯುವ ಅಂಟು ಯುಗಾದಿ ಹೊತ್ತಿನ ಒಣ ಬಿಸಿಲಲ್ಲಿ ನಿಧಾನವಾಗಿ ಹಿಡಿಯುತ್ತದೆ. ಕೆಲಸ ಬಲ್ಲವರು ಗೋಡೆಗೆ ತೇವಾಂಶ ತೋರಿಸುವ ಚಿಕ್ಕ ಮೀಟರ್ ತೂಗುಹಾಕಿರುತ್ತಾರೆ. ಅಂಟಿನ ಬಾಟಲಿ ಯಾವತ್ತು ಒಡೆದದ್ದು ಎಂದು ಅದರ ಮೇಲೆ ದಿನಾಂಕ ಬರೆದಿರುತ್ತಾರೆ. ಒಡೆದ ಬಾಟಲಿ ತಿಂಗಳೊಪ್ಪತ್ತಿನಲ್ಲಿ ಗುಣ ಕಳೆದುಕೊಳ್ಳುತ್ತದೆ. ಗೋಡೆಯ ಮೇಲಿನ ಮದುಮಗಳ ಫೋಟೋಗಿಂತ ಆ ಮೀಟರು, ಆ ದಿನಾಂಕ ಹೆಚ್ಚು ಹೇಳುತ್ತವೆ.

ಇನ್ನು ಕೂದಲಿನ ಲೆಕ್ಕ. ಒಂದು ಮೇಲ್ರೆಪ್ಪೆಯಲ್ಲಿ ನೂರರ ಆಸುಪಾಸು ಕೂದಲಿರುತ್ತವೆ. ಪ್ರತಿಯೊಂದೂ ತನ್ನದೇ ಸರದಿಯಲ್ಲಿ ಬೆಳೆದು, ನಿಂತು, ಉದುರಿ, ಮತ್ತೆ ಹುಟ್ಟುತ್ತದೆ. ಪಕ್ಕದ ಎರಡು ಕೂದಲನ್ನು ಸೇರಿಸಿ ಅಂಟು ಹಾಕಿದರೆ, ಬೆಳೆಯುವ ಕೂದಲು ನಿಂತ ಕೂದಲನ್ನು ಬೇರು ಸಮೇತ ಜಗ್ಗುತ್ತದೆ. ಹಾಗಾಗಿ ಸರಿಯಾದ ಕೆಲಸದಲ್ಲಿ ಎರಡು ಚಿಮುಟ ಬೇಕು. ಒಂದರಿಂದ ನಮ್ಮ ಒಂದೇ ಕೂದಲನ್ನು ಬೇರ್ಪಡಿಸಿ ಹಿಡಿಯುತ್ತಾರೆ, ಇನ್ನೊಂದರಿಂದ ಕೃತಕ ಕೂದಲನ್ನು ಕೂರಿಸುತ್ತಾರೆ. ಅದೂ ಚರ್ಮಕ್ಕೆ ತಾಗದಂತೆ, ಬುಡದಿಂದ ಕೂದಲೆಳೆಯಷ್ಟು ಅಂತರ ಬಿಟ್ಟು. ಹೀಗೆ ಎರಡೂ ಕಣ್ಣು ಮುಗಿಸಲು ಎರಡು ಗಂಟೆ ಹಿಡಿಯುತ್ತದೆ. ‘ಅರ್ಧ ತಾಸಿನ್ಯಾಗ ಮುಗಸ್ತೀವ್ರಿ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಅವರು ಹಾಕುವುದು ಗೊಂಚಲು ಲ್ಯಾಶ್. ಒಂದೊಂದು ಗೊಂಚಲನ್ನು ನಾಲ್ಕೈದು ಕೂದಲಿನ ಮೇಲೆ ಒಟ್ಟಿಗೆ ಅಂಟಿಸಿಬಿಡುತ್ತಾರೆ. ಅವತ್ತು ಅದೂ ಚೆಂದವೇ ಕಾಣುತ್ತದೆ, ಫೋಟೋದಲ್ಲಂತೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಫೋಟೋವನ್ನು ನಂಬಬಾರದು ಎನ್ನುವುದು ಇದಕ್ಕೇ. ಇನ್‌ಸ್ಟಾಗ್ರಾಂನಲ್ಲಿ ನಾವು ನೋಡುವುದು ಕೆಲಸ ಮುಗಿದ ಐದನೇ ನಿಮಿಷದ ಕಣ್ಣು. ಅದರ ಮೇಲೆ ರಿಂಗ್ ಲೈಟು, ಫಿಲ್ಟರು. ಮೂರು ವಾರದ ನಂತರದ ಕಣ್ಣು ಹೇಗಿತ್ತು ಎನ್ನುವುದನ್ನು ಯಾರೂ ಹಾಕುವುದಿಲ್ಲ. ಕೇಳುವುದಾದರೆ ಆ ಫೋಟೋ ಕೇಳಿ, ಇಲ್ಲವೇ ಮೂರು ವಾರದ ಹಿಂದೆ ಮಾಡಿಸಿಕೊಂಡ ಒಬ್ಬ ಗಿರಾಕಿಯ ಜೊತೆ ಮಾತಾಡಿಸಿ ಎಂದು ಕೇಳಿ.

ಮುಚ್ಚಿಟ್ಟ ಎರಡು ದಿನ

ನನ್ನ ರೂಮ್‌ಮೇಟ್‌ಗೆ ಆದದ್ದನ್ನು ಹೇಳಬೇಕು. ‘ಇವತ್ತೊಂದೇ ದಿನ ಅರ್ಧ ರೇಟು’ ಎಂಬ ಜಾಹೀರಾತು ನೋಡಿ ನಗರದ ಒಂದು ಪಾರ್ಲರ್‌ಗೆ ಹೋದಳು. ಯಾವ ಪಾರ್ಲರ್ ಎನ್ನುವುದು ಇಲ್ಲಿ ಬೇಡ. ಅಲರ್ಜಿ ಇದೆಯಾ, ಕಣ್ಣಿಗೇನಾದರೂ ತೊಂದರೆ ಇದೆಯಾ, ಲೆನ್ಸ್ ಹಾಕುತ್ತೀಯಾ ಎಂದು ಯಾರೂ ಕೇಳಲಿಲ್ಲವಂತೆ. ರಾತ್ರಿ ಕಣ್ಣು ತುರಿಸತೊಡಗಿತು, ಬೆಳಿಗ್ಗೆ ಎರಡೂ ರೆಪ್ಪೆ ಊದಿಕೊಂಡಿದ್ದವು. ಪಾರ್ಲರ್‌ಗೆ ಫೋನ್ ಮಾಡಿದರೆ ‘ಮೊದಲ ಸಲ ಹಂಗ ಆಗ್ತದ, ಕಡಿಮಿ ಆಗ್ತದ’ ಎಂಬ ಉತ್ತರ. ನನಗೆ ಇಂದಿಗೂ ಬೇಸರ ತರುವುದು ಊತವಲ್ಲ. ‘ಅವ್ವಗ ಗೊತ್ತಾದ್ರ ಕಾಲೇಜು ಬಿಡಿಸ್ತಾಳ’ ಎಂದು ಅವಳು ಎರಡು ದಿನ ಯಾರಿಗೂ ಹೇಳದೆ, ವೈದ್ಯರಿಗೂ ತೋರಿಸದೆ, ಕಪ್ಪು ಕನ್ನಡಕ ಹಾಕಿಕೊಂಡು ಕೂತದ್ದು. ಮೂರನೇ ದಿನ ನಾವೇ ಕರೆದುಕೊಂಡು ಹೋದೆವು. ಅಂಟಿನ ಅಲರ್ಜಿ ಎಂದರು ಕಣ್ಣಿನ ವೈದ್ಯರು. ಲ್ಯಾಶ್ ತೆಗೆಸಿ, ಔಷಧಿ ಹಾಕಿ ವಾಸಿಯಾಯಿತು. ಆದರೆ ಒಂದು ಇಂಟರ್ನಲ್ಸ್ ಅವಳ ಕೈತಪ್ಪಿತು.

‘ಅದಕ್ಕೇ ಹೇಳೋದು, ಇವೆಲ್ಲ ಯಾಕೆ ಬೇಕು?’ ಎಂದು ಹಿರಿಯರು ಕೇಳಬಹುದು. ಬೇಕೋ ಬೇಡವೋ ಎನ್ನುವುದು ಅವರವರ ಇಷ್ಟ. ಆದರೆ ಬೈಗುಳಕ್ಕೆ ಹೆದರಿ ಕದ್ದು ಹೋಗುವ ಹುಡುಗಿಗೆ ಎರಡು ಸಲ ಹೋಗಲು ಆಗುವುದಿಲ್ಲ. ಹಾಗಾಗಿ ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ, ರಸೀದಿ ಕೇಳುವುದಿಲ್ಲ, ನೋವಾದರೆ ಬಾಯಿ ಬಿಡುವುದಿಲ್ಲ. ಕೆಟ್ಟ ಕೆಲಸ ಮಾಡುವವರಿಗೆ ಬೇಕಾದ್ದು ಇಂಥ ಗಿರಾಕಿಯೇ.

ಮದುವೆಯ ಹೊತ್ತಿಗೆ ಇದು ಎಲ್ಲಿಗೆ ಮುಟ್ಟಬಹುದು ಎನ್ನಲು ನಮ್ಮ ರಾಜ್ಯದ್ದೇ ಸುದ್ದಿ ಇದೆ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ, ಮದುವೆಗೆ ಕೆಲವೇ ದಿನ ಮೊದಲು ಹೊಸ ಬಗೆಯ ಮೇಕಪ್ ಮಾಡಿಸಿಕೊಂಡ ಯುವತಿಯೊಬ್ಬರ ಮುಖ ಊದಿಕೊಂಡು ಆಸ್ಪತ್ರೆ ಸೇರಬೇಕಾಯಿತು ಎಂದು ಪತ್ರಿಕೆಗಳು ವರದಿ ಮಾಡಿದವು. ನಿಗದಿಯಾದ ದಿನ ಮದುವೆ ನಡೆಯಲಿಲ್ಲ. ಅದು ಲ್ಯಾಶ್ ಅಲ್ಲ, ಮುಖದ ಮೇಕಪ್. ಆದರೂ ಪಾಠ ಒಂದೇ: ಹೊಸ ವಸ್ತುವನ್ನು ಮದುವೆಯ ಹೊಸ್ತಿಲಲ್ಲಿ ಮೊದಲ ಸಲ ಮೈಗೆ ಹಚ್ಚಬಾರದು.

ಕಣ್ಣಿನ ಅಂಚಿನ ಸೌಂದರ್ಯವರ್ಧಕಗಳ ಇತಿಹಾಸವಂತೂ ಇನ್ನೂ ಕಠೋರ. 1933ರ ಹೊತ್ತಿಗೆ ಅಮೆರಿಕದಲ್ಲಿ ‘ಲ್ಯಾಶ್ ಲೂರ್’ ಎಂಬ ರೆಪ್ಪೆಗೂದಲಿನ ಬಣ್ಣ ಹಚ್ಚಿಸಿಕೊಂಡು ಹಲವು ಹೆಂಗಸರ ಕಣ್ಣಿಗೆ ಹಾನಿಯಾಯಿತು, ಒಬ್ಬರು ದೃಷ್ಟಿ ಕಳೆದುಕೊಂಡರು. ಆಗಿನ ಕಾನೂನಿನಲ್ಲಿ ಸೌಂದರ್ಯವರ್ಧಕಗಳ ಮಾತೇ ಇರಲಿಲ್ಲ, ಅದನ್ನು ಮಾರುಕಟ್ಟೆಯಿಂದ ತೆಗೆಸಲು ಸರ್ಕಾರಕ್ಕೆ ಅಧಿಕಾರ ಇರಲಿಲ್ಲ. 1938ರಲ್ಲಿ ಹೊಸ ಕಾನೂನು ಬರಲು ಇಂಥ ಪ್ರಕರಣಗಳೂ ಕಾರಣವಾದವು. ಆ ಬಣ್ಣದಲ್ಲಿದ್ದ ಪಿಪಿಡಿ ಎಂಬ ರಾಸಾಯನಿಕ ಇಂದಿಗೂ ಕೂದಲಿನ ಡೈಗಳಲ್ಲಿ, ಕೆಲವು ಕಪ್ಪು ಮೆಹಂದಿಗಳಲ್ಲಿ ಇದೆ. ತಲೆಗೆ ಹಚ್ಚುವ ಡೈಯನ್ನೇ ರೆಪ್ಪೆಗೂ ಹಚ್ಚುತ್ತೇನೆ ಎನ್ನುವವರು ಸಿಕ್ಕರೆ ಈ ಕತೆ ನೆನಪಿರಲಿ.

ಫೋನಿನಲ್ಲಿ ನಾಲ್ಕು ಪ್ರಶ್ನೆ

ಅಕ್ಕನಿಗಾಗಿ ನಾನು ಐದಾರು ಕಡೆ ಫೋನ್ ಮಾಡಿದೆ. ಕೇಳಿದ್ದು ನಾಲ್ಕೇ ಪ್ರಶ್ನೆ. ಪ್ಯಾಚ್ ಟೆಸ್ಟ್ ಮಾಡ್ತೀರಾ? ಎಷ್ಟು ಹೊತ್ತು ಹಿಡಿಯುತ್ತದೆ? ಅಂಟಿನ ಬಾಟಲಿಯ ಲೇಬಲ್ ಫೋಟೋ ಕಳಿಸುತ್ತೀರಾ? ಯಾರಿಗೆ ನೀವು ಹಾಕುವುದಿಲ್ಲ?

ಮೊದಲ ಪ್ರಶ್ನೆಗೆ ಹೆಚ್ಚಿನವರು ‘ಯಾರಿಗೂ ಏನೂ ಆಗಿಲ್ರಿ’ ಎಂದರು. ಇದು ಉತ್ತರವಲ್ಲ. ಪ್ಯಾಚ್ ಟೆಸ್ಟ್ ಎಂದರೆ ಕಿವಿಯ ಹಿಂದೆ ಚೂರು ಅಂಟು ಹಚ್ಚಿ ಅಥವಾ ಕಣ್ಣಿನ ಹೊರತುದಿಯಲ್ಲಿ ನಾಲ್ಕೈದು ಲ್ಯಾಶ್ ಮಾತ್ರ ಹಾಕಿ 24ರಿಂದ 48 ಗಂಟೆ ಕಾಯುವುದು. ಅಲರ್ಜಿ ತಕ್ಷಣ ತೋರಿಸಿಕೊಳ್ಳುವುದಿಲ್ಲವಾದ್ದರಿಂದ ಕಾಯಲೇಬೇಕು. ‘ಹೋದ ಸಲ ಹಾಕಿಸಿದ್ದೆ, ಏನೂ ಆಗಿರಲಿಲ್ಲ’ ಎನ್ನುವುದೂ ಭರವಸೆಯಲ್ಲ. ಈ ಬಗೆಯ ಅಲರ್ಜಿ ಎರಡನೇ ಸಲವೋ ಐದನೇ ಸಲವೋ ಹೊಸದಾಗಿ ಶುರುವಾಗಬಹುದು.

ಮೂರನೇ ಪ್ರಶ್ನೆಗೆ ಇಬ್ಬರು ಫೋನ್ ಇಟ್ಟರು. ಲೇಬಲ್ ಕೇಳುವುದು ಅವಮಾನ ಮಾಡಿದಂತೆ ಅಲ್ಲ. ನಮ್ಮ ದೇಶದಲ್ಲಿ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ಯಾವಾಗಿನ ತನಕ ಬಳಸಬಹುದು ಎನ್ನುವುದು ಲೇಬಲ್ ಮೇಲೆ ಇರಬೇಕು. ವಿದೇಶದಿಂದ ಬಂದದ್ದಾದರೆ ಆಮದು ನೋಂದಣಿ ಸಂಖ್ಯೆಯೂ ಬೇಕು. ಬರೀ ಹೂವಿನ ಚಿತ್ರ, ಚೀನಿ ಅಕ್ಷರ ಇರುವ ಬಾಟಲಿಯಿಂದ ಏನಾದರೂ ಆದರೆ ಯಾರನ್ನು ಕೇಳುತ್ತೀರಿ? ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಬಳೆ ಕೊಂಡಂತೆ ಇದನ್ನು ಕೊಳ್ಳಲಾಗದು. ಬಳೆ ಒಡೆದರೆ ಇನ್ನೊಂದು ಡಜನ್ ಬರುತ್ತದೆ.

ನಾಲ್ಕನೇ ಪ್ರಶ್ನೆಗೆ ಉತ್ತರ ಇದ್ದದ್ದು ಒಬ್ಬರ ಬಳಿ ಮಾತ್ರ. ತಾಲ್ಲೂಕು ಊರಿನ ಬಸ್‌ಸ್ಟ್ಯಾಂಡ್ ಹಿಂದಿನ ಎರಡು ಕೋಣೆಯ ಪಾರ್ಲರ್ ಅವರದು, ನಲವತ್ತರ ಆಸುಪಾಸಿನ ಅಕ್ಕ. ‘ಕೆಂಗಣ್ಣು ಬಂದವ್ರಿಗೆ, ಕಣ್ಣ ಗುಳ್ಳಿ ಆದವ್ರಿಗೆ, ಈಗಷ್ಟ ಕಣ್ಣಿನ ಆಪರೇಷನ್ ಆದವ್ರಿಗೆ ಹಾಕಂಗಿಲ್ಲ. ಪ್ಯಾಚ್ ಟೆಸ್ಟಿಗೆ ಬರಾಕ ಆಗಂಗಿಲ್ಲ ಅನ್ನವ್ರಿಗೂ ಹಾಕಂಗಿಲ್ಲ’ ಎಂದರು. ಮದುವೆಗೆ ಇನ್ನೂ ಒಂದೂವರೆ ತಿಂಗಳು ಇರುವಾಗ ಅಕ್ಕನನ್ನು ಕರೆದುಕೊಂಡು ಹೋದೆ. ದೀಪ ಹಚ್ಚಿ, ಕೈ ತೊಳೆದು, ಅಕ್ಕನ ಕಣ್ಣಿನ ಅಂಚನ್ನು ನೋಡಿದವರೇ ಚಿಮುಟ ಕೆಳಗಿಟ್ಟರು. ‘ಕಣ್ಣಂಚು ಕೆಂಪಾಗೇತಿ, ಹೊಟ್ಟು ಕೂತೈತಿ. ಇವತ್ತ ಬ್ಯಾಡ ತಂಗಿ. ಮೊದ್ಲ ಕಣ್ಣಿನ ಡಾಕ್ಟರಿಗೆ ತೋರಿಸ್ಕೊಂಡು ಬಾ’ ಎಂದರು. ದುಡ್ಡು ಮುಟ್ಟಲಿಲ್ಲ.

ಅಕ್ಕನಿಗೆ ಸಿಟ್ಟು. ದಾರಿಯುದ್ದಕ್ಕೂ ‘ಬ್ಯಾರೆ ಕಡೆ ಹೋಗಿದ್ರ ಈ ಹೊತ್ತಿಗೆ ಮುಗದಿರ್ತಿತ್ತು’ ಎಂದು ಗೊಣಗಿದಳು. ವೈದ್ಯರು ನೋಡಿ ರೆಪ್ಪೆಯಂಚಿನ ಉರಿಯೂತ ಎಂದರು. ಬಿಸಿ ಬಟ್ಟೆಯ ಶಾಖ, ಅಂಚನ್ನು ಸ್ವಚ್ಛವಾಗಿಡುವ ಕ್ರಮ ಹೇಳಿಕೊಟ್ಟರು. ಇದರ ಮೇಲೆಯೇ ಅಂಟು ಹಾಕಿದ್ದರೆ ಅಂಚು ತೊಳೆಯಲೂ ಆಗದೆ ತೊಂದರೆ ಹೆಚ್ಚುತ್ತಿತ್ತು ಎಂದೂ ಹೇಳಿದರು. ಎರಡು ಸಾವಿರ ರೂಪಾಯಿಯ ಕೆಲಸವನ್ನು ಕೈಯಾರೆ ಬಿಟ್ಟ ಆ ಪಾರ್ಲರ್ ಅಕ್ಕನ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಅಲ್ಲೇ. ಅವರ ಗೋಡೆಯ ಮೇಲೆ ಒಂದೂ ಫೋಟೋ ಇರಲಿಲ್ಲ.

ಅರಿಷಿಣದ ದಿನ ಮತ್ತು ಉದ್ದದ ಆಸೆ

ಅವರು ಹೇಳಿದ ಇನ್ನೂ ಎರಡು ‘ಬೇಡ’ಗಳಿವೆ. ಮದುವೆ ಇದ್ದವರಿಗೆ ಇವು ಉಪಯೋಗಕ್ಕೆ ಬರುತ್ತವೆ.

ಒಂದು, ಅರಿಷಿಣದ ಲೆಕ್ಕ. ಹೊಸದಾಗಿ ಹಾಕಿದ ಲ್ಯಾಶಿಗೆ ಸಾಮಾನ್ಯವಾಗಿ ಒಂದು ದಿನ ನೀರು ತಾಗಬಾರದು ಎನ್ನುತ್ತಾರೆ. ಎಣ್ಣೆಯಂತೂ ಆ ಅಂಟಿಗೆ ಆಗುವುದೇ ಇಲ್ಲ, ಹಿಡಿತ ಸಡಿಲಾಗುತ್ತದೆ. ನಮ್ಮ ಕಡೆಯ ಮದುವೆಯಲ್ಲಿ ಎಣ್ಣೆ, ಅರಿಷಿಣ, ಸುರಗಿ ನೀರು ಎಲ್ಲವೂ ಮದುಮಗಳ ತಲೆ ಮೇಲೆಯೇ. ಹಿಂದಿನ ದಿನ ಲ್ಯಾಶ್ ಹಾಕಿಸಿದರೆ ಅರಿಷಿಣದಲ್ಲಿ ಅರ್ಧ ಹೋಗುತ್ತದೆ. ಮೇಲೆ ಹೋಮದ ಹೊಗೆ, ಹೆಣ್ಣು ಒಪ್ಪಿಸುವಾಗಿನ ಕಣ್ಣೀರು. ಇನ್ನು ಗಂಡನ ಮನೆಗೆ ಹೋದ ಮೇಲೆ ಒಲೆಯ ಮುಂದೆ ಬಗ್ಗಿದರೆ ಆ ಪ್ಲಾಸ್ಟಿಕ್ ಕೂದಲು ಶಾಖಕ್ಕೆ ಮುದುಡುತ್ತದೆ. ಇದನ್ನೆಲ್ಲ ಕೇಳಿ, ‘ನಿನ್ನ ಮದುವಿಗೆ ಎಕ್ಸ್‌ಟೆನ್ಷನ್ ಯಾಕ? ಒಂದ ದಿನದ್ದು ಪಟ್ಟಿ ಲ್ಯಾಶ್ ಸಾಕು. ರಾತ್ರಿ ತೆಗದು ಮಲಗು’ ಎಂದರು. ಅದರ ಅಂಟು ಬೇರೆ ಬಗೆಯದು, ಅದನ್ನೂ ಮೊದಲೇ ಹಚ್ಚಿ ನೋಡಿದರು. ಬೆಲೆ ಕಡಿಮೆ. ಅವರಿಗೆ ಲಾಭವೂ ಕಡಿಮೆ.

ಎರಡು, ಉದ್ದದ ಲೆಕ್ಕ. ‘ಇನ್ನೂ ಉದ್ದ ಹಾಕ್ರಿ’ ಎಂದು ಗಿರಾಕಿಗಳು ಹಟ ಹಿಡಿಯುತ್ತಾರಂತೆ. ಇಲ್ಲಿ ನನ್ನ ಓದು ಸ್ವಲ್ಪ ಕೆಲಸಕ್ಕೆ ಬಂತು. 2015ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು 22 ಸಸ್ತನಿಗಳ ರೆಪ್ಪೆಗೂದಲು ಅಳೆದು, ಕೃತಕ ಕಣ್ಣು ಮಾಡಿ ಗಾಳಿ ಸುರಂಗದಲ್ಲಿಟ್ಟು ನೋಡಿದರು. ರೆಪ್ಪೆಗೂದಲಿನ ಉದ್ದ ಕಣ್ಣಿನ ಅಗಲದ ಮೂರನೇ ಒಂದು ಭಾಗದಷ್ಟಿದ್ದಾಗ ಕಣ್ಣಿನ ಮೇಲಿನ ಗಾಳಿಯ ಹರಿವು ತಗ್ಗುತ್ತದೆ, ಕಣ್ಣು ಬೇಗ ಒಣಗುವುದಿಲ್ಲ, ಧೂಳೂ ಕಡಿಮೆ ಬೀಳುತ್ತದೆ. ಅದಕ್ಕಿಂತ ತುಂಬ ಉದ್ದವಾದರೆ ಕೂದಲೇ ಗಾಳಿಯನ್ನು ಕಣ್ಣಿನೊಳಕ್ಕೆ ತಿರುಗಿಸುತ್ತದೆ. ಹೆಚ್ಚಿನ ಪ್ರಾಣಿಗಳಲ್ಲಿ ಇರುವ ಅಳತೆಯೂ ಆ ಮೂರನೇ ಒಂದರ ಹತ್ತಿರದ್ದೇ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸ್ಕೂಟಿ ಓಡಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ದ ಹೆಚ್ಚಿದಂತೆ ಭಾರವೂ ಹೆಚ್ಚು, ಬುಡಕ್ಕೆ ಜಗ್ಗು. ನಿಮ್ಮ ಕೂದಲಿಗಿಂತ ಎರಡು ಮೂರು ಮಿಲಿಮೀಟರ್ ಹೆಚ್ಚು ಸಾಕು ಎನ್ನುವವರು ಜಿಪುಣರಲ್ಲ, ಬಲ್ಲವರು.

ಊರು ದೊಡ್ಡದಾದರೆ ಕೈ ದೊಡ್ಡದೇ?

ಗಡಿಯ ನಮಗೆ ಒಂದು ಅಭ್ಯಾಸವಿದೆ. ಒಳ್ಳೆಯದು ಬೇಕೆಂದರೆ ಮಿರಜ್, ಸಾಂಗ್ಲಿ, ಕೊಲ್ಹಾಪುರ. ಆಸ್ಪತ್ರೆಯಿಂದ ಹಿಡಿದು ಸೀರೆಯವರೆಗೆ ಹಾಗೇ. ಲ್ಯಾಶಿಗೂ ಅಲ್ಲಿಗೇ ಹೋಗುತ್ತಾರೆ. ಅಲ್ಲಿ ಒಳ್ಳೆಯವರು ಇಲ್ಲವೆಂದಲ್ಲ. ಆದರೆ ದೂರದ ಊರಿಗೆ ಹೋದಾಗ ಪ್ಯಾಚ್ ಟೆಸ್ಟಿಗೆಂದು ಇನ್ನೊಂದು ಸಲ ಯಾರು ಹೋಗುತ್ತಾರೆ? ರಾತ್ರಿ ಕಣ್ಣು ಉರಿದರೆ ಬೆಳಿಗ್ಗೆ ಅವರ ಬಾಗಿಲಿಗೆ ಯಾರು ಹೋಗುತ್ತಾರೆ? ಹತ್ತಿರದವರಾದರೆ ಎರಡು ಸಲ ಅಲ್ಲ, ಮೂರು ಸಲ ಹೋಗಬಹುದು. 2023ರ ಜೂನ್‌ನಿಂದ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ದುಡ್ಡೂ ಇಲ್ಲ. ಪ್ಯಾಚ್ ಟೆಸ್ಟಿಗೆ ಹೋಗಿಬರಲು ಶಕ್ತಿ ಯೋಜನೆಯ ಆ ಸೊನ್ನೆ ಟಿಕೆಟ್ ಸಾಕು. ಮೇಲಾಗಿ ಅದೇ ಊರಲ್ಲಿ ಬಾಳಬೇಕಾದವರು ಹೆಸರಿಗೆ ಹೆದರುತ್ತಾರೆ.

ಗೋಡೆಯ ಸರ್ಟಿಫಿಕೇಟುಗಳ ಬಗ್ಗೆಯೂ ಒಂದು ಮಾತು. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ರೆಪ್ಪೆಗೂದಲು ಹಾಕುವುದಕ್ಕೆಂದೇ ಪ್ರತ್ಯೇಕ ಲೈಸೆನ್ಸ್ ಇದೆ, ಅದಕ್ಕೆ 320 ಗಂಟೆ ತರಬೇತಿ ಬೇಕು. ನಮ್ಮಲ್ಲಿ ಅಂಥದ್ದಿಲ್ಲ. ಅಂಗಡಿಯ ನೋಂದಣಿ ಪತ್ರ ಅಲ್ಲೊಂದು ಅಂಗಡಿ ಇದೆ ಎಂದು ಹೇಳುತ್ತದೆಯೇ ಹೊರತು ಕೈ ಹೇಗಿದೆ ಎಂದು ಹೇಳುವುದಿಲ್ಲ. ಐಟಿಐಗಳ ಕಾಸ್ಮೆಟಾಲಜಿ ಕೋರ್ಸಿಗೂ ಹೋಟೆಲ್ ಹಾಲಿನಲ್ಲಿ ಒಂದೇ ದಿನ ನಡೆಯುವ ವರ್ಕ್‌ಶಾಪಿಗೂ ಸಿಗುವ ಕಾಗದ ದೂರದಿಂದ ಒಂದೇ ತರಹ ಕಾಣುತ್ತದೆ. ಹತ್ತಿರ ಹೋಗಿ ಓದಿ: ಎಷ್ಟು ದಿನದ ತರಬೇತಿ, ಯಾವ ಸಂಸ್ಥೆಯದು, ಲ್ಯಾಶ್ ಅದರಲ್ಲಿ ಇತ್ತೇ?

ಈ ಪುಟ ಓದುವವರಲ್ಲಿ ಕೆಲಸ ಹುಡುಕುತ್ತಿರುವ ಅಕ್ಕತಂಗಿಯರೂ ಇದ್ದೀರಿ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಬ್ಯೂಟಿ ಪಾರ್ಲರ್ ತರಬೇತಿ ಉಚಿತವಾಗಿ ಸಿಗುತ್ತದೆ. ಈ ಮಾದರಿ ಶುರುವಾದದ್ದೇ ನಮ್ಮ ಕರ್ನಾಟಕದಲ್ಲಿ, 1982ರಲ್ಲಿ ಉಜಿರೆಯ ರುಡ್‌ಸೆಟ್ ಸಂಸ್ಥೆಯಿಂದ. ನಮ್ಮೂರ ಎಷ್ಟೋ ಹುಡುಗಿಯರು ಇಂಥ ತರಬೇತಿ ಪಡೆದು ಮನೆಯ ಮುಂದಿನ ಕೋಣೆಯಲ್ಲಿ ಪಾರ್ಲರ್ ತೆರೆಯುವ ಕನಸಿನಲ್ಲಿದ್ದಾರೆ. ಅವರಿಗೆ ನನ್ನ ಮನವಿ: ಥ್ರೆಡಿಂಗ್ ಕಲಿತ ಕೈ ಎಂದು ಲ್ಯಾಶಿಗೆ ಧುಮುಕಬೇಡಿ, ಅದನ್ನು ಬೇರೆಯಾಗಿ ಕಲಿಯಿರಿ. ಮೊದಲ ವರ್ಷ ‘ಬೇಡ’ ಎನ್ನುವುದಕ್ಕೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಹಳ್ಳಿಯಲ್ಲಿ ಒಂದು ಊದಿದ ಕಣ್ಣಿನ ಸುದ್ದಿ ಹತ್ತು ಚೆಂದದ ಕಣ್ಣಿನ ಸುದ್ದಿಗಿಂತ ಬೇಗ ಹೋಗುತ್ತದೆ.

ಎಷ್ಟೇ ಎಚ್ಚರವಿದ್ದರೂ ತೊಂದರೆಯಾದರೆ? ಲ್ಯಾಶನ್ನು ಕಿತ್ತುಕೊಳ್ಳಬೇಡಿ, ಜೊತೆಗೆ ನಿಮ್ಮ ಕೂದಲೂ ಬರುತ್ತದೆ. ಮನೆಮದ್ದು ಬೇಡ. ಅಂಟು ಕಣ್ಣಿನೊಳಗೆ ಹೋದರೆ ಶುದ್ಧ ನೀರಿನಿಂದ ತೊಳೆಯುತ್ತ ಕಣ್ಣಿನ ವೈದ್ಯರ ಬಳಿ ಹೋಗಿ. ರಸೀದಿ, ಬಾಟಲಿಯ ಲೇಬಲ್ ಫೋಟೋ, ಊದಿದ ಕಣ್ಣಿನ ಫೋಟೋ, ವೈದ್ಯರ ಚೀಟಿ ತೆಗೆದಿಟ್ಟುಕೊಳ್ಳಿ. ದುಡ್ಡು ಕೊಟ್ಟು ಪಡೆದ ಸೇವೆಯಾದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ. ಸಹಾಯವಾಣಿ 1915. ದಿಲ್ಲಿಯ ಒಂದು ಸಲೂನಿನಲ್ಲಿ ಕೂದಲು ಹಾಳಾದ ಮಹಿಳೆಗೆ ಗ್ರಾಹಕ ಆಯೋಗ ಎರಡು ಕೋಟಿ ರೂಪಾಯಿ ಪರಿಹಾರ ಹೇಳಿತ್ತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ನಷ್ಟಕ್ಕೆ ದಾಖಲೆ ಬೇಕು ಎಂದು ಅದನ್ನು ಮರುಪರಿಶೀಲನೆಗೆ ವಾಪಸ್ ಕಳಿಸಿತು. ಅಷ್ಟು ದೊಡ್ಡ ಪ್ರಕರಣದಲ್ಲೇ ಕಾಗದ ಬೇಕಾಯಿತು, ನಮ್ಮದು ಯಾವ ಲೆಕ್ಕ!

ಕೊನೆಗೆ, ಇಡೀ ಭಾರವನ್ನು ಪಾರ್ಲರ್‌ನವರ ಮೇಲೆಯೇ ಹೊರಿಸುವುದೂ ನ್ಯಾಯವಲ್ಲ. ‘ಇವತ್ತೇ ಆಗ್ಬೇಕು’ ಎಂದು ಹಟ ಮಾಡುವವರು ನಾವು. ಟೆಸ್ಟ್ ಮಾಡಬೇಕು, ಎರಡು ದಿನ ಬಿಟ್ಟು ಬನ್ನಿ ಎಂದವರನ್ನು ಬಿಟ್ಟು, ಪಕ್ಕದ ಅಂಗಡಿಯಲ್ಲಿ ಅರ್ಧ ತಾಸಿನಲ್ಲಿ ಮುಗಿಸಿಕೊಂಡು ಬರುವವರೂ ನಾವೇ. ‘ಬೇಡ’ ಎಂದವರಿಗೆ ಅವತ್ತಿನ ಸಂಪಾದನೆ ಹೋಗುತ್ತದೆ, ಹ್ಞೂಂ ಎಂದವರಿಗೆ ಗಲ್ಲಾ ತುಂಬುತ್ತದೆ. ಹೀಗೇ ನಡೆದರೆ ನಾಳೆ ಬೇಡ ಎನ್ನುವವರು ಯಾರೂ ಉಳಿಯುವುದಿಲ್ಲ.

ಹಾಗಾಗಿ ಗೆಳತಿಯರೇ, ನಿಮ್ಮ ಕಣ್ಣು ನೋಡಿ ಇವತ್ತು ಬೇಡ ಎಂದವರ ಬಳಿ ಸಿಟ್ಟು ಮಾಡಿಕೊಳ್ಳದೆ ಇನ್ನೊಮ್ಮೆ ಹೋಗಿ. ನೋಡಿದ್ದಕ್ಕೆ, ಟೆಸ್ಟ್ ಮಾಡಿದ್ದಕ್ಕೆ ನೂರು ರೂಪಾಯಿ ಕೇಳಿದರೆ ಸಂತೋಷದಿಂದ ಕೊಡಿ. ನಾಲ್ಕು ಮಂದಿಗೆ ಅವರ ಹೆಸರು ಹೇಳಿ. ರೆಪ್ಪೆ ಕಣ್ಣನ್ನು ಕಾಯುತ್ತದೆ ಎನ್ನುತ್ತೇವೆ. ಆ ರೆಪ್ಪೆಯನ್ನು ಕಾಯುವ ಕೈಗಳಿಗೂ ನಮ್ಮ ಊರುಗಳಲ್ಲಿ ಅನ್ನ ಹುಟ್ಟಬೇಕು.